ಕೀವೆಸ್ಟಿನ ಪಾನಗೃಹಗಳು: ನಾಮ ಮತ್ತು ಸ್ಥಾನ

ಅಮೆರಿಕದ ಫ್ಲಾರಿಡಾ ಪ್ರಾಂತದ ದಕ್ಷಿಣದ ಕಡಲಿನಲ್ಲಿರುವ ಕೀವೆಸ್ಟ್ ಎಂಬ ದ್ವೀಪಪಟ್ಟಣದ ಹೆಸರೇ ಒಂದು ಅಪಭ್ರಂಶವು. ಸ್ಪೇನಿನವರಿಟ್ಟ 'ಕಾಯೋ ಹುಯೇಸೊ' ಎಂಬುದಕ್ಕೆ ಅಸ್ಥಿದ್ವೀಪವೆಂದರ್ಥ. ಆಂಗ್ಲರ ಕಿವಿಯಲ್ಲಿ ಎಲುಬು ಪಶ್ಚಿಮದಿಕ್ಕಾಯಿತು. ಹೆಸರು ನಿಂತು ವಸ್ತು ಜಾರುವ ಈ ಪರಿಯು ಅಲ್ಲಿಯ ಪಾನಗೃಹಗಳಲ್ಲಿಯೂ ಉಂಟು.

1933ನೆಯ ಡಿಸೆಂಬರ್ 5ರಂದು ಪಾನನಿಷೇಧವು ರದ್ದಾಗಲು, ಜೋ ರಸೆಲ್ ಎಂಬಾತನು ಗ್ರೀನ್ ಬೀದಿಯಲ್ಲಿ ಮದ್ಯಶಾಲೆಯನ್ನು ತೆರೆದನು. ಹವಾನಾ ನಗರದ ಪಾನಗೃಹವೊಂದರ ಹೆಸರನ್ನು ಎರವು ತಂದು ಅದು 'ಸ್ಲಾಪಿ ಜೋಸ್' ಎನಿಸಿತು. ಕಾದಂಬರಿಕಾರ ಹೆಮಿಂಗ್ವೇ ಅಲ್ಲಿಯ ನಿತ್ಯಾತಿಥಿ. ವಾರದ ಬಾಡಿಗೆಗೆ ಒಂದು ಡಾಲರು ಏರಿತೆಂದು ಮುನಿದು ರಸೆಲ್ಲನು 1937ರ ಮೇ 5ರಂದು ಹತ್ತಿರದ ಡುವಾಲ್ ಬೀದಿಯ ಮೂಲೆಗೆ ಬಿಡಾರ ಕಿತ್ತನೆಂದೂ, ಗಿರಾಕಿಗಳೇ ಪಾತ್ರೆಪೀಠಗಳನ್ನು ಹೊತ್ತು ನಡೆದರೆಂದೂ ಐತಿಹ್ಯ. ಹಿಂದೊಮ್ಮೆ ಮಂಜುಗಡ್ಡೆಯ ಉಗ್ರಾಣವೂ ಶವಾಗಾರವೂ ಆಗಿದ್ದ ಹಳೆಯ ಕಟ್ಟಡವು ಈಗ 'ಕ್ಯಾಪ್ಟನ್ ಟೋನೀಸ್' ಎಂಬ ಬೇರೊಂದು ಪಾನಗೃಹ.

ಎರಡೂ ಹೆಮಿಂಗ್ವೇಯನ್ನು ತಮ್ಮವನೆನ್ನುತ್ತವೆ. ಆದರೆ ಆತನು ಮಾರ್ಥಾ ಗೆಲ್‌ಹಾರ್ನಳನ್ನು ಮೊದಲು ಕಂಡುದು 1936ರ ಡಿಸೆಂಬರಿನಲ್ಲಿ, ಎಂದರೆ ಸ್ಥಳಾಂತರಕ್ಕೆ ಮೊದಲು. ಆದಕಾರಣ ಚರಿತ್ರಕಾರನಿಗೆ ಫಲಕಕ್ಕಿಂತ ಗೋಡೆಯೇ ಬಲವತ್ತರ ಪ್ರಮಾಣವು. ಪ್ರವಾಸಿಗಳಾದರೋ ಫಲಕವನ್ನೇ ನಂಬುವರು.

ಭೋಜನಶಾಲೆಗಳ ಸ್ಥಿತಿಯೂ ಭಿನ್ನವಲ್ಲ. ಊರಿನ ಮೂಲನಿವಾಸಿಗಳು ತಮ್ಮನ್ನು 'ಕೊಂಕ್' ಎಂದು ಕರೆದುಕೊಳ್ಳುವರು. ಅದು ಖಾದ್ಯವಾದ ದೊಡ್ಡ ಶಂಖಪ್ರಾಣಿಯ ಹೆಸರು. ಆ ಪದದ ಗ್ರೀಕ್ ಮೂಲವೂ ನಮ್ಮ ಶಂಖಶಬ್ದವೂ ಸಜಾತಿಗಳೆಂದು ಭಾಷಾಶಾಸ್ತ್ರಜ್ಞರ ಮತ. ಸಂತತಿ ಕ್ಷಯಿಸಿದುದರಿಂದ 1980ರ ದಶಕದಿಂದ ಫ್ಲಾರಿಡಾದ ನೀರಿನಲ್ಲಿ ಅದನ್ನು ಹಿಡಿಯುವುದು ನಿಷಿದ್ಧ. ಅಲ್ಲಿ ಬಡಿಸುವ ಕೊಂಕಿನ ವಡೆಗಳಿಗೆ ಮಾಂಸವು ಬಹಾಮಾಸ್ ಮೊದಲಾದ ಪರದೇಶಗಳಿಂದ ಬರುತ್ತದೆ.