ಮುರಿದ ವಿಮಾನದ ಬೆಲೆ

ಕೊಳ್ಳುವವನು ಮುಂಗಡವಾಗಿ ಕೊಡುವ ಹಣಕ್ಕೆ ಕನ್ನಡದಲ್ಲಿ ‘ಸಂಚಕಾರ’ ಎಂಬ ಹೆಸರಿದೆ. ಕುತ್ತು, ಗಂಡಾಂತರ ಎಂಬ ಅರ್ಥವೂ ಅದೇ ಪದಕ್ಕೆ ಅಂಟಿಕೊಂಡಿದೆ. ಕೋಪರಖೈರಣೆಯಲ್ಲಿ ಹಳೆಯ ಮನೆಯೊಂದಕ್ಕೆ ‘ಟೋಕನ್’ ಕೊಟ್ಟು, ಉಳಿದ ಹಣ ಹೊಂದಿಸಲು ಪರದಾಡಿದವರಿಗೆ ಈ ಎರಡು ಅರ್ಥಗಳ ನಂಟನ್ನು ಯಾರೂ ವಿವರಿಸಬೇಕಾಗಿಲ್ಲ. ಎರಡನೆಯ ಮಹಾಯುದ್ಧದ ನಂತರ ನಮ್ಮ ದೇಶದಲ್ಲಿ ನಡೆದ ಹಳೆಯ ವಿಮಾನಗಳ ವ್ಯವಹಾರದಲ್ಲಿಯೂ ಈ ನಂಟು ಕಾಣಿಸಿಕೊಂಡಿತು.

ಯುದ್ಧ ಮುಗಿದಾಗ ಮಿತ್ರರಾಷ್ಟ್ರಗಳ ಸೇನೆಗಳು ಭಾರತದ ವಿಮಾನ ನೆಲೆಗಳಲ್ಲಿ ಅಪಾರ ಸಾಮಗ್ರಿಯನ್ನು ಬಿಟ್ಟುಹೋದವು. ಬಂಗಾಳದ ಪಾನಾಗಢದಲ್ಲಿ ಬಿದ್ದಿದ್ದ ವಿಮಾನಗಳ ಗುಜರಿಯನ್ನು 1946ರ ನವೆಂಬರಿನಲ್ಲಿ ಟಾಟಾ ಏರ್‌ಕ್ರಾಫ್ಟ್ ಲಿಮಿಟೆಡ್ ಮಾರಾಟಕ್ಕಿಟ್ಟಿತು. ಶ್ರೀ ಹನುಮಾನ್ ಕಾಟನ್ ಮಿಲ್ಸ್ ಅದನ್ನು 10,00,000 ರೂಪಾಯಿಗೆ ಕೊಳ್ಳಲು ಒಪ್ಪಿ, ಕಾಲು ಭಾಗವಾದ 2,50,000 ರೂಪಾಯಿ ಸಂಚಕಾರ ಕೊಟ್ಟಿತು. ಉಳಿದ ಹಣ ಬರಲಿಲ್ಲ. ಮಾರಿದವರು ಸಂಚಕಾರವನ್ನು ಮುಟ್ಟುಗೋಲು ಹಾಕಿಕೊಂಡರು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, 1969ರಲ್ಲಿ ತೀರ್ಪು ಮಾರಿದವರ ಪರವಾಗಿ ಬಂತು. ವ್ಯಾಪಾರ ಪೂರ್ಣಗೊಂಡರೆ ಸಂಚಕಾರ ಬೆಲೆಯಲ್ಲಿ ಸೇರುತ್ತದೆ. ಕೊಳ್ಳುವವನ ತಪ್ಪಿನಿಂದ ಮುರಿದುಬಿದ್ದರೆ ಮಾರುವವನಿಗೆ ಸಲ್ಲುತ್ತದೆ. ನಮ್ಮ ಕರಾರು ಕಾನೂನು ಇಂದಿಗೂ ನೆನೆಯುವ ತೀರ್ಪು ಅದು.

ಗುಜರಿ ಕೊಳ್ಳುವವನು ತೂಕ ನೋಡುತ್ತಾನೆ. ಹಾರಿಸಲು ಕೊಳ್ಳುವವನು ಕೇಳುವ ಪ್ರಶ್ನೆಗಳೇ ಬೇರೆ: ಎಂಜಿನ್ ಎಷ್ಟು ಗಂಟೆ ಓಡಿದೆ, ರೆಕ್ಕೆಯೊಳಗಿನ ತೊಲೆಗೆ ತುಕ್ಕು ಹಿಡಿದಿದೆಯೇ, ಲಾಗ್‌ಬುಕ್ ಪೂರ್ಣವಾಗಿದೆಯೇ, ಬಿಡಿಭಾಗ ಎಲ್ಲಿ ಸಿಗುತ್ತದೆ? ಒಂದೊಂದು ದೋಷ ತೋರಿಸಿದಂತೆ ಬೆಲೆ ಇಳಿಯುತ್ತದೆ. ಆದರೆ ದುರಸ್ತಿ ಮಾಡುವ ಕೈಗಳಿಲ್ಲದಿದ್ದರೆ ಪುಕ್ಕಟೆಯಾಗಿ ಸಿಕ್ಕ ವಿಮಾನವೂ ದುಬಾರಿಯೇ.

ಆ ಕೈಗಳು ತಯಾರಾದದ್ದು ಬೆಂಗಳೂರಿನಲ್ಲಿ. ಸೊಲ್ಲಾಪುರದಲ್ಲಿ ಹುಟ್ಟಿ ಮುಂಬಯಿಯಲ್ಲಿ ಉದ್ಯಮ ಕಟ್ಟಿದ ವಾಲಚಂದ್ ಹೀರಾಚಂದರು 1940ರ ಡಿಸೆಂಬರ್ 23ರಂದು ಅಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯನ್ನು ಸ್ಥಾಪಿಸಿದರು. ದಿವಾನ್ ಮಿರ್ಜಾ ಇಸ್ಮಾಯಿಲರ ಬೆಂಬಲದಿಂದ ಮೈಸೂರು ಸರ್ಕಾರ 25 ಲಕ್ಷ ರೂಪಾಯಿ ತೊಡಗಿಸಿತು. 1942ರಲ್ಲಿ ಭಾರತ ಸರ್ಕಾರ ವಾಲಚಂದರ ಪಾಲನ್ನು ಕೊಂಡುಕೊಂಡಿತು. ಮೈಸೂರು ಆಡಳಿತದ ಹಿಡಿತವನ್ನು ಬಿಟ್ಟುಕೊಟ್ಟರೂ ತನ್ನ ಪಾಲನ್ನು ಮಾತ್ರ ಮಾರಲಿಲ್ಲ. ಮರುವರ್ಷ ಕಾರ್ಖಾನೆ ಅಮೆರಿಕದ ವಾಯುಪಡೆಯ ದುರಸ್ತಿ ಕೇಂದ್ರವಾಯಿತು. ಕ್ಯಾಟಲೀನಾ, ಲಿಬರೇಟರ್ ಮುಂತಾದ ವಿಮಾನಗಳನ್ನು ಬಿಚ್ಚಿ ಜೋಡಿಸುವ ವಿದ್ಯೆ ನಮ್ಮ ಕೆಲಸಗಾರರ ಕೈಗೆ ಹತ್ತಿತು.

ಆ ವಿದ್ಯೆಯ ಪರೀಕ್ಷೆ ಕಾನ್ಪುರದ ಚಕೇರಿಯಲ್ಲಿ ನಡೆಯಿತು. ಅಮೆರಿಕದಿಂದ ಎರವಲು ಬಂದಿದ್ದ ಲಿಬರೇಟರ್ ಬಾಂಬರುಗಳನ್ನು ಹಿಂದಿರುಗಿಸಬೇಕು, ಇಲ್ಲವೇ ನಾಶಪಡಿಸಬೇಕು ಎಂಬ ಕರಾರಿನಂತೆ ಬ್ರಿಟಿಷ್ ವಾಯುಪಡೆ ಅವುಗಳನ್ನು ಬೇಕೆಂದೇ ಕೆಡಿಸಿ ಬಿಟ್ಟುಹೋಗಿತ್ತು. ಸ್ವತಂತ್ರ ಭಾರತಕ್ಕೆ ಭಾರೀ ಬಾಂಬರುಗಳು ಬೇಕಾಗಿದ್ದವು. ಬೆಂಗಳೂರಿನ ತಂಡ ಅಲ್ಲಿಗೆ ಹೋಗಿ, ಹಾಳಾದ ವಿಮಾನಗಳಿಗೆ ಒಂದು ಪ್ರಯಾಣಕ್ಕೆ ಸಾಲುವಷ್ಟು ತೇಪೆ ಹಾಕಿತು. ಸಂಸ್ಥೆಯ ಪರೀಕ್ಷಾ ಪೈಲಟ್ ಜಮ್ಶೆಡ್ ಮುನ್ಶಿ ಅವುಗಳನ್ನು ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಅಲ್ಲಿ ಮೂವತ್ತಕ್ಕೂ ಹೆಚ್ಚು ವಿಮಾನಗಳು ಪೂರ್ಣವಾಗಿ ದುರಸ್ತಿಯಾದವು. 1948ರ ನವೆಂಬರಿನಲ್ಲಿ ಅವುಗಳಿಂದಲೇ ವಾಯುಪಡೆಯ 5ನೆಯ ಸ್ಕ್ವಾಡ್ರನ್ ರೂಪುಗೊಂಡಿತು.

ಲಿಬರೇಟರುಗಳು 1968ರವರೆಗೆ ನಮ್ಮ ಸೇವೆಯಲ್ಲಿದ್ದವು. ನಿವೃತ್ತಿಯ ನಂತರ ಇಲ್ಲಿಯೇ ಬಿದ್ದಿದ್ದ ಅಂಥದೊಂದು ವಿಮಾನವನ್ನು 1981ರಲ್ಲಿ ಬ್ರಿಟನ್ನಿನ ಸಂಗ್ರಾಹಕ ಡಗ್ ಆರ್ನಲ್ಡ್ ಪಡೆದು, ಭಾಗ ಭಾಗವಾಗಿ ಬಿಚ್ಚಿಸಿ ಸರಕು ವಿಮಾನದಲ್ಲಿ ಇಂಗ್ಲೆಂಡಿಗೆ ಒಯ್ದರು. 1984ರಲ್ಲಿ ಅದು ಅಮೆರಿಕದ ರಾಬರ್ಟ್ ಕಾಲಿಂಗ್ಸ್ ಅವರಿಗೆ ಮಾರಾಟವಾಗಿ, 1989ರಲ್ಲಿ ಮತ್ತೆ ಹಾರಿತು. ಹಿಂದೊಮ್ಮೆ ಗುಜರಿಯೆಂದು ಕೈಬಿಟ್ಟಿದ್ದ ವಿಮಾನಕ್ಕೆ ಈಗ ಸಮುದ್ರದಾಚೆಯಿಂದ ಗಿರಾಕಿಗಳು ಬಂದರು. ಅದು ಕೊಳ್ಳುವವರಿಗಾಗಿ ಉಳಿದಿದ್ದದ್ದು 1948ರಲ್ಲಿ ಅದನ್ನು ಹಾರುವಂತೆ ಮಾಡಿದವರಿಂದ.