ಚೆಲುವಿನ ಅಳತೆಗೋಲು ಯಾರದು?

ಸುಂದರ ಮುಖ ಎಂದರೆ ಯಾವುದು? ಈ ಪ್ರಶ್ನೆಗೆ ನಮ್ಮಲ್ಲಿ ಅನೇಕರು ಕೊಡುವ ಮೊದಲ ಉತ್ತರ ಬಿಳಿ ಬಣ್ಣ. ಹೆಣ್ಣು ನೋಡುವ ಮಾತು ಬಂದಾಗಲೂ 'ಲಡ್ಕಿ ಗೋರಿ ಹೈ ಕ್ಯಾ?' ಎಂಬುದೇ ಮುಂದು. ಓದು, ಗುಣ, ನಡತೆ ಆಮೇಲೆ. ಈ ಅಳತೆಗೋಲು ಎಲ್ಲ ಕಾಲಕ್ಕೂ ಹೀಗೆಯೇ ಇತ್ತೇ? ನಮ್ಮ ಸುತ್ತಲಿನ ಕಲ್ಲು ಮತ್ತು ಚಿತ್ರಗಳನ್ನೇ ಕೇಳೋಣ.

ಕಲಬುರಗಿಯ ಶರಣಬಸವೇಶ್ವರ ದೇವಸ್ಥಾನದಿಂದ ಆರಂಭಿಸೋಣ. 1822ರಲ್ಲಿ ಲಿಂಗೈಕ್ಯರಾದ ಶರಣರ ಸಮಾಧಿ ಇಲ್ಲಿದೆ. ಇಲ್ಲಿನ ಕಂಬ, ಕಮಾನುಗಳನ್ನು ನೋಡಿ. ಕೋಟೆಯೊಳಗಿನ 1367ರ ಜಾಮಿಯಾ ಮಸೀದಿಯ ಕಮಾನುಗಳು ನೆನಪಾಗುತ್ತವೆ. ಕಟ್ಟಡದ ಚೆಲುವಿನಲ್ಲಿ ಈ ಊರು ಭೇದ ಎಣಿಸಲಿಲ್ಲ. ಆದರೆ ಹೋಳಿಯ ನಂತರ ಇಲ್ಲಿ ನಡೆಯುವ ಜಾತ್ರೆಯಂಥ ಕಡೆ ಮಾರಾಟವಾಗುವ ಪಟಗಳನ್ನು ಗಮನಿಸಿ. ದೇವಿಯರ ಮುಖಗಳೆಲ್ಲ ಬಹುತೇಕ ಒಂದೇ ಅಚ್ಚು: ಬೆಳ್ಳಗಿನ ಮೈ, ದುಂಡು ಮುಖ, ಹೊಳೆಯುವ ಕೆನ್ನೆ.

ಇದೇ ಜಿಲ್ಲೆಯ ಭೀಮಾ ತೀರದಲ್ಲಿ, ಸನ್ನತಿಯ ಬಳಿ ಕನಗನಹಳ್ಳಿ ಇದೆ. ಅಲ್ಲಿನ ಬೌದ್ಧ ಸ್ತೂಪದ ಉತ್ಖನನದಲ್ಲಿ ಅಶೋಕನ ಹೆಸರು ಕೊರೆದ ಶಿಲ್ಪ ದೊರೆಯಿತು. ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ ಆ ಕಾಲದ ಶಿಲ್ಪಗಳಲ್ಲಿ ರಾಣಿಯಂತೆ ರಾಜನೂ ಕಿವಿಗೆ, ಕೊರಳಿಗೆ ಆಭರಣ ಧರಿಸಿ ನಿಂತಿರುತ್ತಾನೆ. ಒಡವೆ ಹೆಂಗಸರಿಗೆ ಮಾತ್ರ ಎಂಬ ನಿಯಮ ಅಂದು ಇರಲಿಲ್ಲ. ಅಜಂತಾದ ಒಂದನೇ ಗುಹೆಯ ಪ್ರಸಿದ್ಧ ಚಿತ್ರವೊಂದರಲ್ಲಿರುವ ರಾಜಕುಮಾರಿಯ ಮೈಬಣ್ಣ ಕಪ್ಪು. ಆ ಕಲಾವಿದನಿಗೆ ಕಪ್ಪು ಕೊರತೆಯಾಗಿ ಕಾಣಲಿಲ್ಲ.

ಇನ್ನು ವಿಜಾಪುರಕ್ಕೆ ಬನ್ನಿ. ಎರಡನೇ ಇಬ್ರಾಹಿಂ ಆದಿಲ್‌ಶಾಹ (ಆಳ್ವಿಕೆ 1580–1627) ಸಂಗೀತ ಮತ್ತು ಚಿತ್ರಕಲೆಯ ಪ್ರೇಮಿ. ಅವನ ಕಾಲದ ಯೋಗಿನಿಯ ಚಿತ್ರವೊಂದು ಇಂದು ಡಬ್ಲಿನ್ ನಗರದ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ನೀಳ ನಿಲುವು, ಎತ್ತಿ ಕಟ್ಟಿದ ಜಡೆ, ಜೊತೆಗೊಂದು ಮೈನಾ ಹಕ್ಕಿ; ಮೈಬಣ್ಣವೋ ಬೂದಿಯದು! ಅದೇ ಕಾಲದಲ್ಲಿ ಗೋಲ್ಕೊಂಡದ ಸುಲ್ತಾನ ಮುಹಮ್ಮದ್ ಕುಲಿ ಕುತುಬ್‌ಶಾಹ ತನ್ನ ದಖ್ಖನಿ ಕವಿತೆಗಳಲ್ಲಿ 'ಗೋರಿ'ಯನ್ನೂ ಹೊಗಳಿದ, 'ಸಾಂವ್ಲಿ'ಯನ್ನೂ ಹೊಗಳಿದ. ದೂರದ ಯುರೋಪಿನಲ್ಲಿ ಆಗಲೇ ರೂಬೆನ್ಸ್ (1577–1640) ಮೈತುಂಬಿದ ಸ್ತ್ರೀಯರನ್ನು ಚೆಲುವೆಯರೆಂದು ಬರೆಯುತ್ತಿದ್ದ. ಬಿಳಿ ಬಣ್ಣವನ್ನು ಮೆಚ್ಚುವವರು ಅಂದೂ ಇದ್ದರು, ನಿಜ. ಆದರೆ ಅಳತೆಗೋಲುಗಳು ಹಲವು ಇದ್ದವು.

ಅವುಗಳಲ್ಲಿ ಒಂದನ್ನು ಮನೆಮನೆಗೆ ಮುಟ್ಟಿಸಿದ್ದು ಅಚ್ಚುಯಂತ್ರ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯ ತೆರೆದ ಮೇಲೆ ಪಾಶ್ಚಾತ್ಯ ತೈಲವರ್ಣದ ರೀತಿಯ ದೇವಿಯರ ಪಟಗಳು ಬಡವರ ಗೋಡೆಯನ್ನೂ ಏರಿದವು. ಈ ಪರಂಪರೆಯನ್ನು ಮುಂದುವರಿಸಿದವರು ನಮ್ಮ ಕಲಬುರಗಿಯವರೇ ಆದ ಎಸ್.ಎಂ. ಪಂಡಿತ್ (1916–1993). ಮುಂಬಯಿಯಲ್ಲಿ ಚಲನಚಿತ್ರದ ಪೋಸ್ಟರು, ಕ್ಯಾಲೆಂಡರುಗಳನ್ನು ಬರೆದ ಮಹಾನ್ ಕಲಾವಿದರಿವರು. ಅವರ ಹಲವು ನಾಯಕಿಯರಲ್ಲಿ ಪುರಾಣದ ಗಾಂಭೀರ್ಯದೊಡನೆ ಸಿನಿಮಾ ತಾರೆಯ ಹೊಳಪೂ ಬೆರೆತಿದೆ. ಕಲೆ ಅವರದು ಶ್ರೇಷ್ಠ. ಅದರ ನಕಲುಗಳು ಹೆಚ್ಚಿದಂತೆ ಮುಖಗಳ ವೈವಿಧ್ಯ ಕಡಿಮೆಯಾಯಿತು. 1975ರಲ್ಲಿ ಫೇರ್ ಅಂಡ್ ಲವ್ಲಿ ಮಾರುಕಟ್ಟೆಗೆ ಬಂದಾಗ ಆ ಒಂದೇ ಅಚ್ಚು ಸರಕೂ ಆಯಿತು. 2020ರಲ್ಲಿ ಕಂಪನಿ ಆ ಹೆಸರಿನಿಂದ 'ಫೇರ್' ಪದವನ್ನು ತೆಗೆಯಿತು. ನಮ್ಮ ಮಾತಿನಿಂದ ಅದು ಇನ್ನೂ ಹೋಗಿಲ್ಲ.

ವಿದ್ಯಾರ್ಥಿನಿಯರೇ, ಕನ್ನಡಿಯ ಮುಂದೆ ಬೇಸರವಾದಾಗ ಅಜಂತಾದ ಆ ರಾಜಕುಮಾರಿಯನ್ನು ನೆನೆಯಿರಿ. ಹುಡುಗರೇ, ಸಹಪಾಠಿಯನ್ನು 'ಕಾಲೂ' ಎಂದು ಕರೆಯುವ ಮೊದಲು ಯೋಚಿಸಿ. ಪಾಲಕರೇ, ಸಂಬಂಧ ಕೇಳಿ ಬಂದವರು ಬಣ್ಣದ ಮಾತೆತ್ತಿದರೆ, ಮಗಳು ಎಷ್ಟು ಓದಿದ್ದಾಳೆ ಎಂಬುದನ್ನು ಮೊದಲು ಹೇಳಿ. ಚೆಲುವಿನ ಅಳತೆಗೋಲು ಮನುಷ್ಯರೇ ಮಾಡಿದ್ದು, ಮನುಷ್ಯರೇ ಬದಲಿಸಿದ್ದು. ಅದನ್ನು ಇನ್ನೊಮ್ಮೆ ಬದಲಿಸಲು ನಮಗೂ ಹಕ್ಕಿದೆ.