ಸೌರಫಲಕ ಮತ್ತು ಬ್ಯಾಟರಿ: ಚರಿತ್ರೆ

ಸೌರಫಲಕ: ಬಿಸಿಲನ್ನು ನೇರವಾಗಿ ವಿದ್ಯುತ್ತಾಗಿಸುವ ಸಿಲಿಕಾನ್ ಕೋಶಗಳನ್ನು ಒಂದಕ್ಕೊಂದು ಬೆಸೆದು, ಮೇಲೆ ಗಾಜು ಹೊದಿಸಿ, ಸುತ್ತ ಅಲ್ಯೂಮಿನಿಯಂ ಚೌಕಟ್ಟು ಕೂರಿಸಿ ಮಾಡಿದ ಹಲಗೆ. ಆಡುಮಾತಿನಲ್ಲಿ ಸೋಲಾರ್ ಪ್ಯಾನೆಲ್, ಹಳ್ಳಿಗಳಲ್ಲಿ ಸೋಲಾರ್ ಪ್ಲೇಟು. ಒಂದು ಹಲಗೆಯಿಂದ ಒಂದು ಮನೆಯ ದೀಪ ಉರಿಯುತ್ತದೆ. ಅಂಥವೇ ಲಕ್ಷಾಂತರ ಹಲಗೆಗಳನ್ನು ಸಾಲಾಗಿ ನಿಲ್ಲಿಸಿದರೆ ವಿದ್ಯುತ್ ಸ್ಥಾವರ. ಅಣೆಕಟ್ಟನ್ನಾಗಲಿ ಉಷ್ಣಸ್ಥಾವರವನ್ನಾಗಲಿ ಹೀಗೆ ಬಿಡಿಬಿಡಿಯಾಗಿ ಕೊಂಡು ತರಲಾಗದು. ಆದರೆ ಹಲಗೆ ತನ್ನಲ್ಲಿ ಏನನ್ನೂ ಕೂಡಿಡುವುದಿಲ್ಲ. ಹೊತ್ತು ಮುಳುಗಿದರೆ ಅದರ ಕೆಲಸವೂ ಮುಗಿಯಿತು. ರಾತ್ರಿಗೆ ಬ್ಯಾಟರಿ ಬೇಕು. ಇವೆರಡರ ಚರಿತ್ರೆಯನ್ನು ಬೇರೆಬೇರೆಯಾಗಿ ಬರೆಯುವುದೇ ರೂಢಿ. ಹಾಗೆ ಬರೆದಾಗ ಒಂದು ಸಂಗತಿ ಮರೆಯಾಗುತ್ತದೆ: ಫಲಕ ಯಾಕೆ ಹುಟ್ಟಿತು, ಎಷ್ಟು ದೊಡ್ಡದಿರಬೇಕು, ಯಾರ ಮನೆಗೆ ಹೋಗಬೇಕು ಎಂಬುದನ್ನೆಲ್ಲ ಬಹುಕಾಲ ನಿರ್ಧರಿಸಿದ್ದು ಅದರ ಬೆನ್ನಿಗಿದ್ದ ಬ್ಯಾಟರಿ.

ಬೆಂಗಳೂರಿನ ಬಹಳಷ್ಟು ಮನೆಗಳಲ್ಲಿ ‘ಸೋಲಾರ್’ ಎಂದರೆ ಮಾಳಿಗೆಯ ಮೇಲೆ ಸ್ನಾನದ ನೀರು ಕಾಯಿಸುವ ಸಾಧನ. ಅದು ಬಿಸಿಲಿನ ಶಾಖವನ್ನು ಮಾತ್ರ ಬಳಸುತ್ತದೆ, ವಿದ್ಯುತ್ ತಯಾರಿಸುವುದಿಲ್ಲ. ಅದರ ಚರಿತ್ರೆ ಬೇರೆ.

ಆರಂಭ

ಎರಡೂ ಬೇರುಗಳು ಪ್ಯಾರಿಸ್ಸಿನಲ್ಲಿವೆ. 1839ರಲ್ಲಿ, ಇನ್ನೂ 19 ವರ್ಷದ ಎಡ್ಮಂಡ್ ಬೆಕೆರೆಲ್ ತಂದೆಯ ಪ್ರಯೋಗಾಲಯದಲ್ಲಿ ಆಮ್ಲದ ದ್ರಾವಣದೊಳಗೆ ಲೋಹದ ತಗಡುಗಳನ್ನು ಇಳಿಬಿಟ್ಟು, ಅವುಗಳ ಮೇಲೆ ಬೆಳಕು ಬಿದ್ದಾಗ ವಿದ್ಯುತ್ ಹರಿಯುವುದನ್ನು ಕಂಡ. ಮುಂದೆ ಅವನು ಅದೇ ಊರಿನ ಕಲೆ ಮತ್ತು ಕೈಗಾರಿಕೆಗಳ ರಾಷ್ಟ್ರೀಯ ಸಂಸ್ಥೆಯಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕನಾದ. ಅಲ್ಲಿ ಸಹಾಯಕನಾಗಿ ಸೇರಿದ್ದ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ಸೀಸದ ಎರಡು ಹಾಳೆಗಳನ್ನು ಸುರುಳಿ ಸುತ್ತಿ ಗಂಧಕಾಮ್ಲದಲ್ಲಿ ಅದ್ದಿ, ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಮೊದಲ ಬ್ಯಾಟರಿಯನ್ನು ತಯಾರಿಸಿದ. ಇಂದು ಕಾರು, ಲಾರಿ, ಮನೆಯ ಯುಪಿಎಸ್‌ಗಳಲ್ಲಿ ಇರುವುದು ಮೂಲತಃ ಅದೇ ಸೀಸ, ಅದೇ ಆಮ್ಲ. ಬೆಳಕಿನಿಂದ ವಿದ್ಯುತ್ತು, ವಿದ್ಯುತ್ತಿನ ಸಂಗ್ರಹ ಎರಡೂ ಒಂದೇ ಸಂಸ್ಥೆಯ ಸುತ್ತ ಸುಳಿದಾಡಿದರೂ ಅವುಗಳನ್ನು ಜೋಡಿಸಬೇಕೆಂದು ಆಗ ಯಾರಿಗೂ ಅನಿಸಲಿಲ್ಲ.

ಬ್ಯಾಟರಿ ಬೇಗ ಬೆಳೆಯಿತು. 1881ರಲ್ಲಿ ಕಮೀಲ್ ಫೋರ್ ಸೀಸದ ಹಾಳೆಗೆ ಸೀಸದ ಆಕ್ಸೈಡಿನ ಲೇಪ ಹಚ್ಚುವ ಉಪಾಯ ಕಂಡುಹಿಡಿದ ಮೇಲೆ ಕಾರ್ಖಾನೆಗಳಲ್ಲಿ ತಯಾರಾಗತೊಡಗಿತು. ಬೆಳಕಿನ ಕೋಶ ಮಾತ್ರ ಕುಂಟುತ್ತಲೇ ಸಾಗಿತು. ಸಮುದ್ರದಡಿಯ ತಂತಿಗಳನ್ನು ಪರೀಕ್ಷಿಸುತ್ತಿದ್ದ ವಿಲ್ಲೊಬಿ ಸ್ಮಿತ್, ಬೆಳಕು ಬಿದ್ದಾಗ ಸೆಲೆನಿಯಂ ಹೆಚ್ಚು ವಿದ್ಯುತ್ತನ್ನು ಹರಿಯಬಿಡುತ್ತದೆ ಎಂದು 1873ರಲ್ಲಿ ವರದಿ ಮಾಡಿದ. 1876ರಲ್ಲಿ ಆಡಮ್ಸ್ ಮತ್ತು ಡೇ ಎಂಬ ಇಂಗ್ಲಿಷ್ ವಿಜ್ಞಾನಿಗಳು ಆ ಘನವಸ್ತುವಿನಿಂದಲೇ ವಿದ್ಯುತ್ ಪಡೆದರು. 1883ರಲ್ಲಿ ನ್ಯೂಯಾರ್ಕಿನ ಚಾರ್ಲ್ಸ್ ಫ್ರಿಟ್ಸ್ ಸೆಲೆನಿಯಂ ಮೇಲೆ ಬೆಳಕು ತೂರಿಹೋಗುವಷ್ಟು ತೆಳುವಾದ ಚಿನ್ನದ ಹಾಳೆ ಹೊದಿಸಿ ಕೋಶಗಳನ್ನು ಮಾಡಿದ. ಬಿದ್ದ ಬೆಳಕಿನಲ್ಲಿ ಸುಮಾರು 1% ಮಾತ್ರ ವಿದ್ಯುತ್ತಾಗುತ್ತಿತ್ತು. ಚಿನ್ನ ಹೊದಿಸಿ ಅಷ್ಟು ಮಾತ್ರ ಸಿಗುವುದಾದರೆ ಕೊಳ್ಳುವವರು ಯಾರು?

ಬೆಲ್ ಪ್ರಯೋಗಾಲಯ

ಇಂದಿನ ಫಲಕ ಹುಟ್ಟಿದ್ದೇ ಬ್ಯಾಟರಿ ಕೈಕೊಟ್ಟದ್ದರಿಂದ. ಬಿಸಿಲೂ ತೇವವೂ ಹೆಚ್ಚಿರುವ ಉಷ್ಣವಲಯದ ನಾಡುಗಳಲ್ಲಿ ಟೆಲಿಫೋನ್ ವ್ಯವಸ್ಥೆಯ ಒಣ ಬ್ಯಾಟರಿಗಳು ಬೇಗ ಕೆಡುತ್ತಿದ್ದವು. ಅವುಗಳ ಬದಲಿಗೆ ಏನು ಬಳಸಬಹುದೆಂದು ಹುಡುಕುವ ಕೆಲಸ ಅಮೆರಿಕದ ಬೆಲ್ ಪ್ರಯೋಗಾಲಯದ ಡ್ಯಾರಿಲ್ ಚಾಪಿನ್ ಪಾಲಿಗೆ ಬಂತು. ಅವನು ಮೊದಲು ನಂಬಿದ್ದು ಸೆಲೆನಿಯಂ ಕೋಶವನ್ನೇ. ಅದರ ದಕ್ಷತೆ ಸಾಲಲಿಲ್ಲ. ಅದೇ ಪ್ರಯೋಗಾಲಯದಲ್ಲಿ 1940ರಷ್ಟು ಹಿಂದೆಯೇ ರಸೆಲ್ ಓಲ್, ನಡುವೆ ಬಿರುಕಿದ್ದ ಒಂದು ಸಿಲಿಕಾನ್ ತುಂಡಿನ ಮೇಲೆ ದೀಪದ ಬೆಳಕು ಬಿದ್ದಾಗ ಅರ್ಧ ವೋಲ್ಟಿನಷ್ಟು ವಿದ್ಯುತ್ ಹುಟ್ಟುವುದನ್ನು ನೋಡಿದ್ದ. ಬಿರುಕಿನ ಆಚೆ ಈಚೆ ಬೇರೆ ಬೇರೆ ಕಲ್ಮಶಗಳಿದ್ದುದೇ ಅದಕ್ಕೆ ಕಾರಣ. ಆ ಕಲ್ಮಶಗಳನ್ನು ಬೇಕಾದ ಹಾಗೆ ಬೆರೆಸುವ ವಿದ್ಯೆ ಕ್ಯಾಲ್ವಿನ್ ಫುಲ್ಲರ್ ಕೈಯಲ್ಲಿತ್ತು. ಜೆರಾಲ್ಡ್ ಪಿಯರ್ಸನ್ ಅದನ್ನು ಚಾಪಿನ್‌ಗೆ ಮುಟ್ಟಿಸಿದ. ಮೂವರೂ ಕೂಡಿ ಮಾಡಿದ ಸಿಲಿಕಾನ್ ಕೋಶ 6% ದಕ್ಷತೆ ತೋರಿಸಿತು. 1954ರ ಏಪ್ರಿಲ್ 25ರಂದು ಅದನ್ನು ಪ್ರದರ್ಶಿಸಿದಾಗ ಜಾತ್ರೆಯ ಜೈಂಟ್ ವೀಲಿನಂಥ ಪುಟ್ಟ ಆಟಿಕೆಯೊಂದು ಬೆಳಕಿನ ಬಲದಿಂದಲೇ ತಿರುಗಿತು.

ಕಂಪನಿ ಅದಕ್ಕಿಟ್ಟ ಹೆಸರು ‘ಬೆಲ್ ಸೋಲಾರ್ ಬ್ಯಾಟರಿ’. ಒಂದು ಚೂರನ್ನೂ ಕೂಡಿಡಲಾರದ ವಸ್ತುವಿಗೆ ಬ್ಯಾಟರಿ ಎಂಬ ಹೆಸರು! ಮರುವರ್ಷ ಜಾರ್ಜಿಯಾ ರಾಜ್ಯದ ಅಮೇರಿಕಸ್ ಎಂಬ ಊರಿನ ಬಳಿ ಕಂಬವೊಂದಕ್ಕೆ 432 ಕೋಶಗಳ ಫಲಕ ಏರಿಸಿ ಹಳ್ಳಿಗಳ ಟೆಲಿಫೋನ್ ತಂತಿಗೆ ವಿದ್ಯುತ್ ಕೊಟ್ಟರು. ರಾತ್ರಿಗೆಂದು ಜೊತೆಗೆ ನಿಜವಾದ ಬ್ಯಾಟರಿ ಇಡಬೇಕಾಯಿತು. ಉತ್ಪಾದನೆ, ಸಂಗ್ರಹ ಎರಡೂ ಕೂಡಿ ಬೀದಿಗಿಳಿದ ಮೊದಲ ಪ್ರಯೋಗಗಳಲ್ಲಿ ಇದೊಂದು. ತಾಂತ್ರಿಕವಾಗಿ ಗೆದ್ದಿತು, ಲೆಕ್ಕದಲ್ಲಿ ಸೋತಿತು. ಒಂದು ವ್ಯಾಟಿನ ಕೋಶಕ್ಕೆ 286 ಡಾಲರ್ ಬೀಳುತ್ತದೆಂದು ಚಾಪಿನ್ ತಾನೇ ಲೆಕ್ಕ ಹಾಕಿದ್ದ.

ಬೆಲೆ ಕೇಳದ ಗಿರಾಕಿ ಸಿಕ್ಕಿದ್ದು ಆಕಾಶದಲ್ಲಿ. 1958ರ ಮಾರ್ಚ್ 17ರಂದು ಅಮೆರಿಕ ಹಾರಿಸಿದ ವ್ಯಾನ್‌ಗಾರ್ಡ್-1 ಉಪಗ್ರಹ ಒಂದೂವರೆ ಕಿಲೋ ತೂಕದ ಗುಂಡು. ಅದರಲ್ಲಿ ಎರಡು ರೇಡಿಯೋಗಳಿದ್ದವು. ಬ್ಯಾಟರಿಯನ್ನು ನೆಚ್ಚಿಕೊಂಡ ರೇಡಿಯೋ ಅದೇ ಜೂನ್‌ನಲ್ಲಿ ಮೌನವಾಯಿತು. ಸೌರಕೋಶದ ರೇಡಿಯೋ 1964ರ ಮೇವರೆಗೂ ಮಾತಾಡುತ್ತಿತ್ತು. ಅಲ್ಲಿಂದ ಮುಂದೆ ಉಪಗ್ರಹಗಳಿಗೆ ಫಲಕ ಮತ್ತು ರೀಚಾರ್ಜ್ ಆಗುವ ಬ್ಯಾಟರಿಯ ಜೋಡಿ ಅನಿವಾರ್ಯವಾಯಿತು. ಭೂಮಿಗೆ ಹತ್ತಿರವಾಗಿ ಸುತ್ತುವ ಉಪಗ್ರಹಕ್ಕೆ ಸುಮಾರು ಒಂದೂವರೆ ಗಂಟೆಗೊಮ್ಮೆ ರಾತ್ರಿಯಾಗುತ್ತದೆ.

ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಕಟ್ಟಿದ ಭಾರತದ ಮೊದಲ ಉಪಗ್ರಹ ಆರ್ಯಭಟದಲ್ಲಿಯೂ ಇದೇ ಜೋಡಿ ಇತ್ತು. 26 ಮುಖಗಳ ಆ ಪೆಟ್ಟಿಗೆಯ ಮೇಲಿನ ಮತ್ತು ಕೆಳಗಿನ ಮುಖಗಳನ್ನು ಬಿಟ್ಟು ಉಳಿದೆಲ್ಲ ಮುಖಗಳಲ್ಲೂ ಸೌರಕೋಶಗಳು, ಒಳಗೆ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ. ಒಟ್ಟು ಸಾಮರ್ಥ್ಯ 46 ವ್ಯಾಟ್, ಇಂದಿನ ಸೀಲಿಂಗ್ ಫ್ಯಾನ್ ಒಂದಕ್ಕೆ ಹೆಚ್ಚುಕಡಿಮೆ ಅಷ್ಟು ಬೇಕು. 1975ರ ಏಪ್ರಿಲ್ 19ರಂದು ಕಕ್ಷೆ ಸೇರಿದ ಅದರ ವೈಜ್ಞಾನಿಕ ಪ್ರಯೋಗಗಳು ಐದನೆಯ ದಿನಕ್ಕೆ ನಿಂತವು. ಕಾರಣ ವಿದ್ಯುತ್ ಪೂರೈಕೆಯಲ್ಲಿನ ದೋಷ.

ಭೂಮಿಗೆ ಮರಳಿದ್ದು

ಫಲಕವನ್ನು ಆಕಾಶದಿಂದ ಇಳಿಸಿದವರಲ್ಲಿ ಮುಖ್ಯನಾದವನು ಎಲಿಯಟ್ ಬರ್ಮನ್. ತೈಲ ಕಂಪನಿ ಎಕ್ಸಾನ್‌ನ ಹಣದಿಂದ ಅವನು 1973ರಲ್ಲಿ ಸೋಲಾರ್ ಪವರ್ ಕಾರ್ಪೊರೇಷನ್ ತೆರೆದ. ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳು ಬೇಡವೆಂದು ಬಿಸಾಡಿದ ಸಿಲಿಕಾನ್ ಬಿಲ್ಲೆಗಳನ್ನು ತಂದು, ಅಂಚು ಕತ್ತರಿಸದೆ ದುಂಡಗೆಯೇ ಜೋಡಿಸಿದ. ವ್ಯಾಟಿಗೆ 100 ಡಾಲರ್ ಇದ್ದ ಬೆಲೆ 20ಕ್ಕೆ ಇಳಿಯಿತು. ಮೊದಲ ದೊಡ್ಡ ಗಿರಾಕಿಗಳು ಪರಿಸರವಾದಿಗಳಲ್ಲ. ಮೆಕ್ಸಿಕೋ ಕೊಲ್ಲಿಯ ತೈಲಬಾವಿಗಳ ಅಟ್ಟಣೆಗಳು. ಹಡಗುಗಳಿಗೆ ಎಚ್ಚರಿಕೆಯ ದೀಪ, ಕಹಳೆಗಳಿಗೆಂದು ಅಲ್ಲಿ ಭಾರೀ ಬ್ಯಾಟರಿಗಳನ್ನು ಹೊತ್ತೊಯ್ದು ಬದಲಿಸುವ ಖರ್ಚು ವಿಪರೀತವಾಗಿತ್ತು. ಅದೇ ಎಕ್ಸಾನ್ ಅದೇ ದಶಕದಲ್ಲಿ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಎಂಬ ರಸಾಯನಶಾಸ್ತ್ರಜ್ಞನಿಗೂ ಸಂಬಳ ಕೊಡುತ್ತಿತ್ತು. ಅವನು ಲಿಥಿಯಂ ಬಳಸಿ ರೀಚಾರ್ಜ್ ಆಗುವ ಬ್ಯಾಟರಿಯನ್ನು ತಯಾರಿಸಿ 1976ರಲ್ಲಿ ಪ್ರಕಟಿಸಿದ. ಫಲಕವೂ ಅದರ ಮುಂದಿನ ಸಂಗಾತಿಯೂ ಒಂದೇ ತೈಲ ಕಂಪನಿಯ ಸೂರಿನಡಿ ಬೆಳೆದವು. ಕಂಪನಿ ಎರಡನ್ನೂ ಕೈಬಿಟ್ಟಿತು.

ಇದೇ ಕಾಲದಲ್ಲಿ ಫಲಕಕ್ಕೆ ಒಂದು ಅಳತೆ ಬಂತು. ಒಂದು ಸಿಲಿಕಾನ್ ಕೋಶದ ಒತ್ತಡ ಸುಮಾರು ಅರ್ಧ ವೋಲ್ಟ್. 12 ವೋಲ್ಟಿನ ಸೀಸದ ಬ್ಯಾಟರಿ ತುಂಬಬೇಕಾದರೆ 14 ವೋಲ್ಟಿಗೂ ಮೇಲಿರಬೇಕು; ಬಿಸಿಲಿನಲ್ಲಿ ಕಾದ ಕೋಶದ ಒತ್ತಡ ಇನ್ನಷ್ಟು ಇಳಿಯುತ್ತದೆ. ಎಲ್ಲ ಕೂಡಿಸಿ ನೋಡಿದರೆ ಬೇಕಾಗುವುದು 36 ಕೋಶಗಳು. ಜಗತ್ತಿನ ಯಾವ ಮೂಲೆಯಲ್ಲಿ ಕೊಂಡರೂ ಫಲಕದಲ್ಲಿ ಸಾಮಾನ್ಯವಾಗಿ 36 ಕೋಶ ಇರುತ್ತಿದ್ದುದು ಹೀಗೆ. ಲಾರಿಗೆಂದು ಮಾಡಿದ ಬ್ಯಾಟರಿ ಸೌರಫಲಕದ ಉದ್ದಗಲವನ್ನು ಗೊತ್ತುಮಾಡಿತು. ಉಳಿದ ರೂಪ ಕೊಟ್ಟದ್ದು ಅಮೆರಿಕದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯ. 1975ರಿಂದ ಹತ್ತಕ್ಕೂ ಹೆಚ್ಚು ವರ್ಷ ಅದು ಕಂಪನಿಗಳಿಂದ ಕಂತುಕಂತಾಗಿ ಫಲಕಗಳನ್ನು ಕೊಂಡು, ಒದ್ದೆ ಮಾಡಿ, ಕಾಯಿಸಿ, ಆಲಿಕಲ್ಲಿನಂಥ ಮಂಜುಗಡ್ಡೆಯ ಉಂಡೆಗಳಿಂದ ಹೊಡೆದು ಪರೀಕ್ಷಿಸಿತು. ಗಟ್ಟಿ ಗಾಜಿನ ಮುಖ, ಕೋಶಗಳನ್ನು ಹಿಡಿದಿಡುವ ಇವಿಎ ಎಂಬ ಪಾರದರ್ಶಕ ಪದರ ಆ ಪರೀಕ್ಷೆಗಳಲ್ಲಿ ಗೆದ್ದು ಉಳಿದವು. ಇಂದಿನ 25 ವರ್ಷದ ವಾರಂಟಿಯ ಹಿಂದೆ ಈ ಹೊಡೆತಗಳಿವೆ.

ಭಾರತದಲ್ಲಿ, ಕರ್ನಾಟಕದಲ್ಲಿ

ಸಾಹಿಬಾಬಾದಿನ ಸೆಂಟ್ರಲ್ ಎಲೆಕ್ಟ್ರಾನಿಕ್ಸ್ ಸಂಸ್ಥೆ 1977ರಲ್ಲಿ ದೇಶದ ಮೊದಲ ಸೌರಕೋಶವನ್ನೂ ಮರುವರ್ಷ ಮೊದಲ ಫಲಕವನ್ನೂ ತಯಾರಿಸಿತು. ಬೆಂಗಳೂರಿನಲ್ಲಿ ಬಿಎಚ್‌ಇಎಲ್‌ನ ಎಲೆಕ್ಟ್ರಾನಿಕ್ಸ್ ವಿಭಾಗ, ಆಮೇಲೆ 1989ರಲ್ಲಿ ಆರಂಭವಾದ ಟಾಟಾ ಬಿಪಿ ಸೋಲಾರ್ ಈ ಉದ್ಯಮವನ್ನು ಬೆಳೆಸಿದವು.

ಆದರೆ ಕಾರ್ಖಾನೆಯಿಂದ ಹೊರಬಿದ್ದ ಫಲಕ ಮನೆಯ ಹೆಂಚಿನ ಮೇಲೆ ಏರಲು ಇನ್ನೊಂದು ವಿದ್ಯೆ ಬೇಕಿತ್ತು, ಸಾಲದ ವಿದ್ಯೆ. ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ 1995ರಲ್ಲಿ ಸ್ಥಾಪಿಸಿದ ಸೆಲ್ಕೋ, ಕರಾವಳಿ ಮಲೆನಾಡಿನ ಒಂಟಿಮನೆಗಳಿಗೆ ಒಂದು ಫಲಕ, ಒಂದು ಬ್ಯಾಟರಿ, ಎರಡೋ ನಾಲ್ಕೋ ದೀಪಗಳ ಜೋಡಣೆಯನ್ನು ಬ್ಯಾಂಕ್ ಸಾಲದ ಮೂಲಕ ಮುಟ್ಟಿಸಿತು. ಹಂದೆಯವರು ಹೇಳುವ ಪ್ರಸಂಗ ಒಂದಿದೆ: ಬೀದಿಬದಿಯ ವ್ಯಾಪಾರಿಗೆ ತಿಂಗಳಿಗೆ 300 ರೂಪಾಯಿ ಕಂತು ಹೊರೆ, ದಿನಕ್ಕೆ 10 ರೂಪಾಯಿ ಹೊರೆಯಲ್ಲ. ಲೆಕ್ಕ ಒಂದೇ, ಕೈಗೆ ದುಡ್ಡು ಬರುವ ರೀತಿ ಬೇರೆ. ಈ ಕೆಲಸಕ್ಕೆ ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಈ ಮನೆಗಳಲ್ಲಿ ಮೊದಲು ಕೆಡುತ್ತಿದ್ದುದು ಪ್ಲೇಟಲ್ಲ, ಬ್ಯಾಟರಿ. ಹೊತ್ತಿಗೆ ಸರಿಯಾಗಿ ಬ್ಯಾಟರಿ ನೀರು ಹಾಕದಿದ್ದರೆ, ಮಳೆಗಾಲದಲ್ಲಿ ವಾರಗಟ್ಟಲೆ ಮೋಡವಿದ್ದಾಗಲೂ ಟಿವಿ ಓಡಿಸಿ ತಳ ಕಾಣುವವರೆಗೆ ಬಳಸಿದರೆ, ಸೀಸದ ತಟ್ಟೆಗಳ ಮೇಲೆ ಹರಳುಗಟ್ಟಿ ಅದು ಮತ್ತೆ ಚಾರ್ಜ್ ಆಗುವುದಿಲ್ಲ. ಚೆನ್ನಾಗಿ ನೋಡಿಕೊಂಡರೂ ನಾಲ್ಕೈದು ವರ್ಷಕ್ಕೊಮ್ಮೆ ಹೊಸದು ಬೇಕು. ಆಗ ಜನ ಅನ್ನುವುದು ಬ್ಯಾಟರಿ ಹೋಯಿತು ಎಂದಲ್ಲ, ‘ಸೋಲಾರ್ ಹಾಳಾಯ್ತು’ ಎಂದು. ಸರ್ಕಾರದ ಎಷ್ಟೋ ಬೀದಿದೀಪಗಳು ಒಳ್ಳೆಯ ಫಲಕವನ್ನು ತಲೆಯ ಮೇಲೆ ಹೊತ್ತುಕೊಂಡೇ ಕತ್ತಲಲ್ಲಿ ನಿಂತಿರುವುದಕ್ಕೂ ಇದೇ ಕಾರಣ. ತೋಟದ ಸೌರ ಪಂಪಿಗೆ ಈ ಕಾಟವಿಲ್ಲ. ಅದು ಬಿಸಿಲಿದ್ದಾಗ ನೀರೆತ್ತಿ ತೊಟ್ಟಿ ತುಂಬುತ್ತದೆ, ತೊಟ್ಟಿಯೇ ಅದರ ಬ್ಯಾಟರಿ.

ಬ್ಯಾಟರಿ ಬಿಟ್ಟ ದಿನಗಳು

ಜರ್ಮನಿ 1990ರಲ್ಲಿ ಸಾವಿರ ಚಾವಣಿಗಳ ಯೋಜನೆ ತಂದು, 2000ದ ಕಾನೂನಿನಲ್ಲಿ ಮನೆಯವರ ಸೌರವಿದ್ಯುತ್ತಿಗೆ 20 ವರ್ಷದ ಖಚಿತ ಬೆಲೆ ಕೊಟ್ಟಿತು. ಹೆಚ್ಚಾದ ವಿದ್ಯುತ್ ಸಾರ್ವಜನಿಕ ತಂತಿಗೆ ಹೋಗುತ್ತದೆ ಎಂದಾದ ಮೇಲೆ ಬ್ಯಾಟರಿ ಯಾಕೆ? ಫಲಕ 36ರ ಕಟ್ಟಿನಿಂದ ಬಿಡುಗಡೆಯಾಗಿ 60, 72 ಕೋಶಗಳಿಗೆ ಬೆಳೆಯಿತು. ಆಸ್ಟ್ರೇಲಿಯಾದಲ್ಲಿ ಮಾರ್ಟಿನ್ ಗ್ರೀನ್ ಅವರ ಬಳಿ ಕಲಿತ ಶಿ ಝೆಂಗ್‌ರಾಂಗ್ 2001ರಲ್ಲಿ ಚೀನಾದ ವೂಶಿಯಲ್ಲಿ ಸನ್‌ಟೆಕ್ ಕಂಪನಿ ತೆರೆದ ಮೇಲೆ ತಯಾರಿಕೆಯೇ ಅತ್ತ ಸರಿಯಿತು, ಬೆಲೆ ಪಾತಾಳಕ್ಕಿಳಿಯಿತು.

ಕರ್ನಾಟಕದಲ್ಲಿ ಕೋಲಾರ ಜಿಲ್ಲೆಯ ಯಳೆಸಂದ್ರದಲ್ಲಿ ರಾಜ್ಯ ಸರ್ಕಾರದ ವಿದ್ಯುತ್ ಸಂಸ್ಥೆ ಕೆಪಿಸಿಎಲ್ 2010ರ ಸುಮಾರಿಗೆ 3 ಮೆಗಾವ್ಯಾಟ್ ಸ್ಥಾವರ ಕಟ್ಟಿದಾಗ ಅದೇ ದೊಡ್ಡ ಸುದ್ದಿ. ಹತ್ತು ವರ್ಷ ತುಂಬುವಷ್ಟರಲ್ಲಿ ಪಾವಗಡದ ತಿರುಮಣಿ, ವಳ್ಳೂರು ಮೊದಲಾದ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಎದ್ದು ನಿಂತಿತ್ತು. ಅಲ್ಲಿ ಜಮೀನನ್ನು ಕೊಳ್ಳಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದರು. ಬರದ ಸೀಮೆಯಲ್ಲಿ ಜಮೀನಿದ್ದವರಿಗೆ ಇದು ಖಚಿತ ಆದಾಯ. ಜಮೀನಿಲ್ಲದೆ ಕೂಲಿಗೂ ಕುರಿಗೂ ಅದೇ ಹೊಲಗಳನ್ನು ನಂಬಿದ್ದವರಿಗೆ ಹಾಗಲ್ಲ.

ಲಿಥಿಯಂ

ಸಂಜೆ ಆರಕ್ಕೆ ಬಿಸಿಲು ಇಳಿಯುತ್ತದೆ, ಮನೆಮನೆಯಲ್ಲಿ ವಿದ್ಯುತ್ ಬಳಕೆ ಏರುತ್ತದೆ. ಫಲಕಗಳು ಹೆಚ್ಚಿದಷ್ಟೂ ಈ ಹೊತ್ತಿನ ಕೊರತೆ ಎದ್ದು ಕಂಡಿತು. ಬ್ಯಾಟರಿ ಮರಳಿ ಬಂತು, ಈ ಸಲ ಲಿಥಿಯಂ ರೂಪದಲ್ಲಿ. ಜಾನ್ ಗುಡ್‌ಇನಫ್ 1980ರಲ್ಲಿ ಆಕ್ಸ್‌ಫರ್ಡಿನಲ್ಲಿ, ಅಕಿರಾ ಯೋಶಿನೊ 1985ರಲ್ಲಿ ಜಪಾನಿನಲ್ಲಿ ವಿಟಿಂಗ್‌ಹ್ಯಾಮ್‌ನ ಕೆಲಸವನ್ನು ಮುಂದುವರಿಸಿದ್ದರು. ಸೋನಿ 1991ರಲ್ಲಿ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಅಂಗಡಿಗೆ ತಂದಿತು. 2019ರಲ್ಲಿ ಮೂವರಿಗೂ ನೊಬೆಲ್ ಬಂದಾಗ ಗುಡ್‌ಇನಫ್‌ಗೆ 97 ವರ್ಷ. ಸೌರವಿದ್ಯುತ್ತಿನ ಸಂಗ್ರಹಕ್ಕೆ ಇಂದು ಹೆಚ್ಚು ಒಗ್ಗಿರುವುದು ಕಬ್ಬಿಣದ ಫಾಸ್ಫೇಟ್ ಬಳಸುವ ಬಗೆ: ಅಗ್ಗ, ಸುಲಭವಾಗಿ ಬೆಂಕಿ ಹಿಡಿಯದು. ಅದನ್ನು ಹೊರಗೆಡಹಿದ 1997ರ ಪ್ರಬಂಧದಲ್ಲಿ ಗುಡ್‌ಇನಫ್ ಜೊತೆ ಪಾಢಿ, ನಂಜುಂಡಸ್ವಾಮಿ ಎಂಬ ಹೆಸರುಗಳಿವೆ. ಎರಡನೆಯದನ್ನು ಓದಿದ ಕನ್ನಡಿಗರ ಕಿವಿ ನೆಟ್ಟಗಾಗದಿರದು. 2015ರಲ್ಲಿ ಟೆಸ್ಲಾ ಗೋಡೆಗೆ ತೂಗುಹಾಕುವ ಬ್ಯಾಟರಿಯನ್ನು ಪ್ರಕಟಿಸಿತು. 2017ರ ಕೊನೆಗೆ ದಕ್ಷಿಣ ಆಸ್ಟ್ರೇಲಿಯಾದ ಹಾರ್ನ್ಸ್‌ಡೇಲಿನಲ್ಲಿ 100 ಮೆಗಾವ್ಯಾಟಿನ ಬ್ಯಾಟರಿ ಕೇಂದ್ರ ಕೆಲಸ ಶುರುಮಾಡಿತು.

ಒಂದೇ ಹಲಗೆಯಲ್ಲಿ ಮುಂದೆ ಕೋಶ, ಬೆನ್ನಿಗೆ ಬ್ಯಾಟರಿ ಅಂಟಿಸುವ ಯತ್ನಗಳೂ ನಡೆದಿವೆ. ಫಲಕ, ಬ್ಯಾಟರಿ, ಎಲ್‌ಇಡಿ ಮೂರೂ ಒಂದೇ ಪೆಟ್ಟಿಗೆಯಲ್ಲಿರುವ ಬೀದಿದೀಪಗಳಲ್ಲಿ ಇದು ಮಾಮೂಲಾಗಿದೆ. ದೊಡ್ಡ ಫಲಕಗಳಲ್ಲಿ ಶಾಖ ಅಡ್ಡಬರುತ್ತದೆ. ಬೇಸಿಗೆಯ ಮಧ್ಯಾಹ್ನ ಫಲಕ 60 ಡಿಗ್ರಿ ದಾಟುತ್ತದೆ. ಸಿಲಿಕಾನ್ ಅದನ್ನು ಸ್ವಲ್ಪ ಇಳುವರಿ ಕಳೆದುಕೊಂಡು ಸಹಿಸುತ್ತದೆ, ಬ್ಯಾಟರಿಯ ಆಯಸ್ಸು ಕರಗುತ್ತದೆ. ಅದಕ್ಕೇ ಬ್ಯಾಟರಿಗೆ ಇನ್ನೂ ನೆರಳಲ್ಲೇ ಜಾಗ.

ಹಳೆಯ ಸೀಸದ ಬ್ಯಾಟರಿಗೆ ಗುಜರಿಯವನು ಇಂದಿಗೂ ದುಡ್ಡು ಕೊಡುತ್ತಾನೆ, ಹಳೆಯ ಪ್ಲೇಟಿಗೆ ಹೆಚ್ಚೆಂದರೆ ಅದರ ಅಲ್ಯೂಮಿನಿಯಂ ಅಂಚಿನ ಬೆಲೆ. ಭಾರತದ 2022ರ ಇ-ತ್ಯಾಜ್ಯ ನಿಯಮಗಳು ಮೊದಲ ಬಾರಿಗೆ ಸೌರಫಲಕವನ್ನೂ ಒಳಗೊಂಡವು: ಕೆಟ್ಟ ಫಲಕಗಳನ್ನು ತಯಾರಕರೇ 2034-35ರವರೆಗೆ ದಾಸ್ತಾನು ಇಟ್ಟುಕೊಂಡಿರಬೇಕು.